ಉರಿಯದ ದೀಪಕ್ಕೆ ಚಪ್ಪಾಳೆ

ಮಾತು ಅರ್ಧದಲ್ಲಿರುವಾಗಲೇ ಎದುರಿನವರ ಮುಖದ ಮುಂದೆ ಒಂದು ತೋರುಬೆರಳು ಮೆಲ್ಲಗೆ ಮೇಲೇಳುತ್ತಿತ್ತು, ಅದರ ಹಿಂದೆಯೇ, ಕೋಪವಿಲ್ಲದ, ಆದರೆ ದಾಟಿಹೋಗಲಾಗದ ಒಂದು ಪದ: “ತಡಿ.” ಅವರು ವಿಜ್ಞಾನ ಕಲಿಸುತ್ತಿದ್ದ ಶಾಲೆಯ ಮಕ್ಕಳು ಅವರನ್ನು ತಡಿ ಮೇಡಂ ಎಂದೇ ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಆ ಬಗ್ಗೆ ತಕರಾರಿರಲಿಲ್ಲ. ತಕರಾರೆಲ್ಲ “ಉಪ್ಪಿನ ಅಣು” ಎನ್ನುವವರ ಮೇಲೆ.

ನಮ್ಮ ಮನೆಯಲ್ಲಿ ಪದವಿಯ ಮುಖ ಕಂಡ ಮೊದಲಿಗ ನಾನು. ಆ ಶಾಲೆಗೆ ಗಣಿತ ಕಲಿಸಲು ಸೇರಿದ ವಾರದಲ್ಲೇ ಆ ಬೆರಳು ನನ್ನ ಮುಂದೆಯೂ ಎದ್ದಿತು. “ತಡೀರಿ ಸಾರ್. ಉಪ್ಪಿಗೆ ಅಣು ಎಲ್ಲಿಂದ ಬಂತು?” ಹೊಲದ ಬದುವಿನ ಮೇಲೆ ಕೂತು ಗಟ್ಟಿಮಾಡಿದ ವ್ಯಾಖ್ಯೆಗಳು ನನ್ನ ನಾಲಗೆಯ ತುದಿಯಲ್ಲೇ ಇದ್ದವು: ಧಾತುವಿನ ಗುಣ ಉಳಿಸಿಕೊಂಡ ಅತಿ ಚಿಕ್ಕ ಕಣ ಪರಮಾಣು, ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಕೂಡಿದರೆ ಅಣು, ಎಲೆಕ್ಟ್ರಾನನ್ನು ಬಿಟ್ಟುಕೊಟ್ಟೋ ಪಡೆದೋ ವಿದ್ಯುದಾವೇಶ ಹೊತ್ತರೆ ಅಯಾನು. ಆದರೆ ಸಕ್ಕರೆಯ ಹರಳಿನ ತುಂಬ ಅಣುಗಳಿರುವಾಗ, ಪಕ್ಕದ ಡಬ್ಬಿಯ ಉಪ್ಪಿನಲ್ಲಿ ಒಂದು ಅಣುವೂ ಇಲ್ಲ, ಬರೀ ಅಯಾನುಗಳ ಸಾಲುಗಳಿವೆ ಎಂಬುದು ಆ ಬಾಯಿಪಾಠದಿಂದ ನನಗೆಂದೂ ಹೊಳೆದಿರಲಿಲ್ಲ.

ತುಂಬಿದ ಬೀಕರನ್ನು ಹಿಡಿದವರ ಹಾಗೆ, ಕೈಯಲ್ಲಿ ಏನಿಲ್ಲದಾಗಲೂ, ಮೇಡಂ ತುಳುಕದಂತೆ ನಡೆಯುತ್ತಿದ್ದರು. ಮೈಮೇಲೆ ಆಮ್ಲ ತಿಂದ ತೂತುಗಳ ಹಳೆಯ ಬಿಳಿ ಕೋಟು. ಅದರ ಬಲಜೇಬು ಸದಾ ಉಬ್ಬಿರುತ್ತಿತ್ತು. ಒಳಗೆ ಒಂದು ಬ್ಯಾಟರಿ, ವೈರು ಸುತ್ತಿದ ಎರಡು ಪೆನ್ಸಿಲ್ ಕಡ್ಡಿ, ಒಂದು ಪುಟ್ಟ ಎಲ್‌ಇಡಿ ದೀಪ. ಕಡ್ಡಿಗಳನ್ನು ಅದ್ದಿದ ನೀರಿನಲ್ಲಿ ಅಯಾನುಗಳು ಓಡಾಡಿದರೆ ದೀಪ ಹತ್ತಬೇಕು, ಇಲ್ಲದಿದ್ದರೆ ಇಲ್ಲ. ಪತ್ರಿಕೆಯಲ್ಲಿ “ಅಣುಬಾಂಬು” ಎಂದು ಕಂಡರೆ ಮನೆಯಲ್ಲೂ ಬೆರಳು ಏಳುತ್ತಿತ್ತಂತೆ, ಅದು ಪರಮಾಣು ಆಗಬೇಕೆಂದು. “ಇವಳ ಜೊತೆ ಪೇಪರ್ ಓದೋಕೆ ಕೂತ್ರೆ, ಮುಗಿಯೋದ್ರೊಳಗೆ ನಾಳೇದು ಬಾಗಿಲಿಗೆ ಬಿದ್ದಿರುತ್ತೆ” ಎನ್ನುತ್ತಿದ್ದರು ಅವರ ಯಜಮಾನರು. ಒಮ್ಮೆ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಉಬ್ಬಿಹೋಗಿ, “ನಮ್ಮ ಮೇಡಂ ಸೋಡಿಯಂ ಪರಮಾಣು ಇದ್ದ ಹಾಗೆ, ಕೊಡ್ತಾನೇ ಇರ್ತಾರೆ” ಎಂದು ಹೊಗಳಿದಾಗ, ವೇದಿಕೆಯ ಮೇಲೇ ಬೆರಳು ಎದ್ದಿತು. “ತಡೀರಿ ಸಾರ್. ಸೋಡಿಯಂ ಕೊಡೋದು ಒಂದೇ ಎಲೆಕ್ಟ್ರಾನು.”

ಆ ವರ್ಷ ಪ್ರಯೋಗಾಲಯದ ಅರ್ಧ ಭಾಗವನ್ನು ಕಚೇರಿಗೆ ಸೇರಿಸುವ ಮಾತೆದ್ದಿತು. ಕೋಣೆ ಪಾಠಕ್ಕೆ ಬಳಕೆಯಾಗುತ್ತಿದೆಯೋ ಇಲ್ಲವೋ ಎಂದು ನೋಡಲು ಮೇಲಧಿಕಾರಿ ಬರುವವರಿದ್ದರು. “ಈ ಕೋಣೆ ಹೋದ್ರೆ ಮಕ್ಕಳು ನಾನು ಹೇಳಿದ್ದನ್ನ ಬರೀ ನಂಬಬೇಕಾಗುತ್ತೆ” ಎಂದರು ಮೇಡಂ. ಅವರ ದನಿಯಲ್ಲಿ ಅಳುಕು ಕೇಳಿದ್ದು ನನಗೆ ಅದೊಂದೇ ಸಲ.

ಅಧಿಕಾರಿ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಸಕ್ಕರೆ ನೀರಿನಲ್ಲಿ ದೀಪ ಹತ್ತುವುದಿಲ್ಲ, ಉಪ್ಪು ನೀರಿನಲ್ಲಿ ಹತ್ತುತ್ತದೆ, ತೋರಿಸಬೇಕಾದದ್ದು ಇಷ್ಟೇ. ಒಬ್ಬ ಹುಡುಗಿ ಸಕ್ಕರೆ ನೀರಿಗೆ ಕಡ್ಡಿಗಳನ್ನು ಅದ್ದಿದಳು. ದೀಪ ಮಂದವಾಗಿ ಹತ್ತಿಕೊಂಡಿತು.

“ಹತ್ತಬಾರದು ಅಂದ್ರಲ್ಲ ಮೇಡಂ?” ಅಧಿಕಾರಿ ನಕ್ಕರು.

“ಹತ್ತಿದೆ ಸಾರ್” ಎಂದವರೇ ಮೇಡಂ, ತಮ್ಮ ಮುಖದ ಮುಂದೆ ತಾವೇ ಬೆರಳೆತ್ತಿದರು. “ತಡಿ.”

ಮುಖ್ಯೋಪಾಧ್ಯಾಯರು ಪಕ್ಕಕ್ಕೆ ಬಂದು ಪಿಸುಗುಟ್ಟಿದರು: “ಉಪ್ಪಿಂದು ತೋರಿಸಿ ಮುಗಿಸಿಬಿಡಿ ಅಮ್ಮಾ. ಅದು ಹೇಗೂ ಹತ್ತುತ್ತೆ.”

ಮೇಡಂ ಮಕ್ಕಳ ಕಡೆ ತಿರುಗಿದ್ದರು. “ತಪ್ಪು ಯಾರದು? ಸಕ್ಕರೆದಾ, ಕಡ್ಡಿದಾ, ನೀರಿಂದಾ?”

“ಸಕ್ಕರೆ ಡಬ್ಬಿಗೆ ಯಾರೋ ಉಪ್ಪಿನ ಚಮಚ ಹಾಕಿದಾರೆ ಮೇಡಂ!”

“ಕಡ್ಡಿ ತೊಳೆದಿಲ್ಲ ಇವಳು!”

“ತೊಳೆದಿದೀನಿ ಕಣೋ, ನೀನೇ ಬಂದು ತೊಳಿ.”

ಕಡ್ಡಿಗಳನ್ನು ಮತ್ತೆ ತೊಳೆದದ್ದಾಯಿತು. ಸಕ್ಕರೆಯಿಲ್ಲದ ಬರೀ ನೀರಿಗೆ ಅದ್ದಿದರು. ಆಗಲೂ ದೀಪ ಹತ್ತಿತು. ಬಾಗಿಲಲ್ಲಿ ನಿಂತಿದ್ದ ಜವಾನ ತಲೆ ಕೆರೆದುಕೊಂಡ. “ಬಟ್ಟಿ ಇಳಿಸಿದ ನೀರಿನ ಬಾಟ್ಲಿ ತಳ ಕಾಣ್ತಿತ್ತು ಮೇಡಂ. ಸಾಹೇಬ್ರು ಬರ್ತಾರಲ್ಲ, ಚೆನ್ನಾಗಿರ್ಲಿ ಅಂತ ನಲ್ಲೀಲಿ ತುಂಬಿಸಿಟ್ಟೆ. ನೀರು ನೀರೇ ಅಲ್ವಾ?”

“ಅಲ್ಲಪ್ಪಾ. ನಲ್ಲಿ ನೀರಲ್ಲಿ ಮಣ್ಣು-ಕಲ್ಲಿನ ಲವಣ ಕರಗಿರುತ್ತೆ. ದೀಪ ಹಚ್ಚಿದ್ದು ಅದರ ಅಯಾನುಗಳು. ಸಕ್ಕರೆ ಕರಗಿದ್ರೂ ಅಣು ಅಣುವಾಗೇ ಇರುತ್ತೆ, ಅದಕ್ಕೆ ಆವೇಶ ಇಲ್ಲ.” ಕಡ್ಡಿಗಳನ್ನು ಒರೆಸುತ್ತ, “ಒಳ್ಳೇದೇ ಮಾಡಿದೆ ಬಿಡು. ಇಲ್ದಿದ್ರೆ ಇವರು ನೀರನ್ನ ಅನುಮಾನಿಸ್ತಾನೇ ಇರಲಿಲ್ಲ” ಎಂದರು.

ಹೇಳಿದ್ದಷ್ಟೇ ಸಾಲದೆಂದು ನೀರು ಕಾಯಿಸಿ, ಆವಿಯನ್ನು ತಣಿಸಿ, ಹನಿ ಹನಿಯಾಗಿ ಶುದ್ಧ ನೀರು ಹಿಡಿಯಲು ಕೂತರು. ಅಧಿಕಾರಿಗೆ ಇನ್ನೊಂದು ಶಾಲೆಗೆ ಹೋಗಬೇಕಿತ್ತು. ಗಡಿಯಾರ ನೋಡಿಕೊಂಡು ಎದ್ದರು. ಮುಖ್ಯೋಪಾಧ್ಯಾಯರು ಅವರನ್ನು ಬೀಳ್ಕೊಡುವಾಗ ಒಮ್ಮೆ ಹಿಂದಿರುಗಿ ನೋಡಿದ ನೋಟ ನನಗಿನ್ನೂ ನೆನಪಿದೆ; ಮೇಡಂ ಅದನ್ನು ನೋಡಲಿಲ್ಲ, ಅವರ ಕಣ್ಣು ಹನಿಯ ಮೇಲಿತ್ತು. ಶಾಲೆ ಬಿಡುವ ಹೊತ್ತಿಗೆ ಒಂದು ಪುಟ್ಟ ಬೀಕರು ತುಂಬಿತು. ಸಕ್ಕರೆ ಹಾಕಿದರು, ಕಲಕಿದರು, ಅದೇ ಹುಡುಗಿ ಕಡ್ಡಿಗಳನ್ನು ಅದ್ದಿದಳು. ದೀಪ ಹತ್ತಲಿಲ್ಲ. ಆ ಉರಿಯದ ದೀಪಕ್ಕೆ ಚಪ್ಪಾಳೆಯ ಸುರಿಮಳೆಯಾಯಿತು. ಬಳಿಕ ಉಪ್ಪು ಹಾಕಿದಾಗ ಝಗ್ಗನೆ ಹತ್ತಿದ್ದನ್ನು ಯಾರೂ ಅಷ್ಟಾಗಿ ಲೆಕ್ಕಿಸಲಿಲ್ಲ.

ಅಧಿಕಾರಿಯ ವರದಿಯಲ್ಲಿ ‘ಪ್ರಯೋಗ ಪೂರ್ಣಗೊಳ್ಳಲಿಲ್ಲ’ ಎಂದಿತ್ತು. ಆಕ್ಷೇಪಣೆ ಬರೆಯೋಣವೆಂದು ನಾನು ಕುದಿಯುತ್ತಿದ್ದೆ, ಬೆರಳು ಎದ್ದಿತು. “ತಡೀರಿ ಸಾರ್. ಅವರು ಬರೆದಿದ್ದು ಸರಿಯಾಗೇ ಇದೆ. ಅವರು ಇರೋವರೆಗೂ ಪೂರ್ಣ ಆಗಿರಲಿಲ್ವಲ್ಲ.”

ಕೋಣೆಗೆ ಅಡ್ಡಲಾಗಿ ಪ್ಲೈವುಡ್ ಹಲಗೆ ಬಂತು. ನಲ್ಲಿಯಿದ್ದ ಅರ್ಧದಲ್ಲಿ ಮೇಡಂ ಒತ್ತೊತ್ತಾಗಿ ಮಕ್ಕಳನ್ನು ನಿಲ್ಲಿಸಿಕೊಂಡು ಕಲಿಸಿದರು. ಆಚೆಬದಿಯ ಗುಮಾಸ್ತರು, “ತಡಿ” ಎಂದು ಕೇಳಿದಾಗಲೆಲ್ಲ ಬರೆಯುವ ಕೈ ತಾನಾಗಿ ನಿಲ್ಲುತ್ತದೆಂದು ಗೊಣಗುತ್ತಿದ್ದರು.

ಇಂಥವರು ಎಲ್ಲೆಡೆಯೂ ಒಬ್ಬೊಬ್ಬರಿರುತ್ತಾರೆ. ಅವರಿಂದ ಸಭೆಗಳು ತಡವಾಗುತ್ತವೆ, ಭಾಷಣಗಳು ಕೆಡುತ್ತವೆ, ಕೆಲವೊಮ್ಮೆ ಅವರದೇ ಕೆಲಸವೂ ಕೆಡುತ್ತದೆ. ತಮಗೆ ಒದಗಿಬರುವ ಸುಳ್ಳನ್ನೂ ತಮ್ಮ ಮೇಲೆ ಬಂದ ಆರೋಪವನ್ನೂ ಒಂದೇ ಬೆರಳಿನಿಂದ ನಿಲ್ಲಿಸಿ ನೋಡುವ ಅವರನ್ನು ಜಗಮೊಂಡರೆಂದು ಬದಿಗಿಡುವುದು ಸುಲಭ. ಆದರೆ ಅವರ ಬಳಿ ಕಲಿತವರು ದೀಪ ಹತ್ತಿದ ಕೂಡಲೇ ಹಿಗ್ಗುವುದಿಲ್ಲ. ಮೊದಲು ನೀರನ್ನು ನೋಡುತ್ತಾರೆ.