ಕರಿಯಮ್ಮನ ರಕ್ತಕ್ಕೆ ನೆನಪಿದೆಯೇ

ಭದ್ರಾವತಿಯ ಒಂದು ಸಣ್ಣ ಲ್ಯಾಬಿನಲ್ಲಿ ಮೂವತ್ತೊಂದು ವರ್ಷದಿಂದ ನಾನು ಜನರ ರಕ್ತ ತೆಗೆಯುತ್ತಿದ್ದೇನೆ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ ಪಾಸು. ಉಳಿದದ್ದೆಲ್ಲ ಕೈಯೇ ಕಲಿತದ್ದು. ಕಾರ್ಖಾನೆಯ ಕೆಲಸಗಾರರ ಮರದಂಥ ತೋಳಿನಲ್ಲೂ ಹಸುಗೂಸಿನ ಅಂಗೈಯಲ್ಲೂ ನರ ಹುಡುಕಿದ್ದೇನೆ. ಆದರೆ ತೆಗೆದ ರಕ್ತ ಬದುಕಿರುತ್ತದೆ, ಕೇಳಿದರೆ ಉತ್ತರ ಹೇಳುತ್ತದೆ ಎಂದು ನನಗೆ ತಿಳಿದದ್ದು ಕಳೆದ ಏಪ್ರಿಲ್‌ನಲ್ಲಿ, ಭೂಮಿಕಾ ನಮ್ಮ ಲ್ಯಾಬಿನ ಮೆಟ್ಟಿಲು ಹತ್ತಿದ ಮೇಲೆ.

ಭೂಮಿಕಾ ಹೊಳಲೂರಿನವಳು. ಶಿವಮೊಗ್ಗದ ಒಂದು ಸಂಶೋಧನಾ ಕೇಂದ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಮಂಗನ ಕಾಯಿಲೆ ಬಂದು ಬದುಕಿ ಉಳಿದವರು ಯಾರಾದರೂ ಗೊತ್ತೇ, ಹಳಬರಾದಷ್ಟೂ ಒಳ್ಳೆಯದು ಎಂದು ಕೇಳಿದಳು. ಯಾಕಮ್ಮಾ ಎಂದೆ. ಎದುರು ಕುರ್ಚಿಯಲ್ಲಿ ಕೂತವಳು ಮುಂದಿಟ್ಟ ಚಹಾ ಆರುವವರೆಗೂ ಹೇಳಿದಳು.

"ಆಂಟಿಬಾಡಿ ವಿಷ್ಯ ಎಲ್ರೂ ಕೇಳಿರ್ತಾರೆ, ಮಂಜಪ್ಪಣ್ಣ. ಅದು ವರ್ಷ ಹೋದ ಹಾಗೆ ಇಳಿಯತ್ತೆ. ಆದ್ರೆ ಬಿಳಿ ರಕ್ತಕಣದಲ್ಲಿ ಕೆಲವು ಇರ್ತವೆ, ಟಿ ಸೆಲ್ ಅಂತ. ಒಂದ್ಸಲ ಕಂಡ ಶತ್ರುನ ಗುರುತಿಟ್ಕೊಂಡು ಸುಮ್ನೆ ಕೂತಿರ್ತವೆ. ಎಷ್ಟು ವರ್ಷ ಕೂತಿರ್ತವೆ ಅನ್ನೋದೇ ನನ್ನ ಪ್ರಶ್ನೆ. ಗೊತ್ತಾದ್ರೆ ಮುಂದೆ ಲಸಿಕೆ ಮಾಡೋರಿಗೆ ಒಂದು ದಾರಿ ಸಿಗತ್ತೆ."

ಅವಳ ಪಟ್ಟಿಯಲ್ಲಿದ್ದ ಅತಿ ಹಳೆಯ ರೋಗಿಗೆ ಕಾಯಿಲೆ ಬಂದು ಹತ್ತೊಂಬತ್ತು ವರ್ಷವಾಗಿತ್ತಂತೆ. ನಾನು ನಮ್ಮ ಬೀದಿಯ ಕರಿಯಮ್ಮಕ್ಕನ ಹೆಸರು ಹೇಳಿದೆ. ಆಯನೂರಿನ ಆಚೆ ಕಾಡಂಚಿನ ಹಳ್ಳಿಯವಳು. ಇಪ್ಪತ್ತಾರರ ವಯಸ್ಸಿನಲ್ಲಿ ಕಾಡಿನ ಒಣ ದರಗೆಲೆ ಗುಡಿಸಲು ಹೋದಾಗ ಉಣುಗು ಹುಳ ಕಚ್ಚಿ ಹನ್ನೆರಡು ದಿನ ಜ್ವರದಲ್ಲಿ ಬಿದ್ದಿದ್ದಳು, ವಸಡಿನಿಂದ ರಕ್ತ ಬಂದಿತ್ತು. ಅದೇ ವಾರ ಅದೇ ಕಾಯಿಲೆಗೆ ಅವಳ ನಾದಿನಿ ಬಂಗಾರಮ್ಮ ತೀರಿಹೋದಳು, ಇವಳು ಎದ್ದು ಕೂತಳು. ಆಮೇಲೆ ಗಂಡನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದವಳು ಮತ್ತೆ ಕಾಡಿನ ಕಡೆ ತಲೆ ಹಾಕಿರಲಿಲ್ಲ.

"ಎಷ್ಟು ವರ್ಷ ಆಯ್ತು?" ಎಂದಳು ಭೂಮಿಕಾ.

"ನಲವತ್ತೊಂದು."

ಆರಿದ ಚಹಾ ಕುಡಿದು ಮುಗಿಸಿದ್ದ ಲೋಟವನ್ನು ಅವಳು ಕೆಳಗಿಟ್ಟ ರೀತಿ ನನಗಿನ್ನೂ ಕಣ್ಣ ಮುಂದಿದೆ. ತುಂಬಿದ ಲೋಟವೇನೋ ಎನ್ನುವಷ್ಟು ಮೆಲ್ಲಗೆ.

ಆದರೆ ಒಂದು ತೊಡಕಿತ್ತು. ಕರಿಯಮ್ಮಕ್ಕನಿಗೆ ಒಂದು ವರ್ಷದಿಂದ ಕೈಬೆರಳಿನ ಗಂಟುಗಳು ಊದಿ, ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ದೇಹದ ಕಾವಲು ಪಡೆಯೇ ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೆ ಬಿದ್ದಿದೆ ಎಂದು ಡಾಕ್ಟರು ಹೇಳಿದ್ದರು. ಆ ಪಡೆಯನ್ನು ತಗ್ಗಿಸುವ, ವಾರಕ್ಕೊಮ್ಮೆ ನುಂಗುವ ಮಾತ್ರೆಯನ್ನು ಸೋಮವಾರದಿಂದ ಶುರು ಮಾಡಬೇಕಿತ್ತು. ಮಾತ್ರೆ ಶುರುವಾದ ಮೇಲೆ ಪರೀಕ್ಷೆ ಮಾಡಿದರೆ ಉತ್ತರವನ್ನು ನಂಬಲಾಗದು. ಅವರ ನೋವು ನನ್ನ ಪರೀಕ್ಷೆಗಾಗಿ ಒಂದು ದಿನವೂ ಕಾಯಬಾರದು ಎಂದಳು ಭೂಮಿಕಾ. ಅಂದು ಶುಕ್ರವಾರ. ಭಾನುವಾರ ಅವಳ ಲ್ಯಾಬಿನಲ್ಲಿ ಹೊಸ ರಕ್ತ ತೆಗೆದುಕೊಳ್ಳುವಂತಿರಲಿಲ್ಲ. ಉಳಿದದ್ದು ಶನಿವಾರ ಒಂದೇ.

ಶನಿವಾರ ಒಂಬತ್ತಕ್ಕೆ ನಾನು ಹೋದಾಗ, ಹಿಂದಿನ ಸಂಜೆಯೇ ಒಪ್ಪಿದ್ದ ಕರಿಯಮ್ಮಕ್ಕ ನೀರೂ ಕುಡಿಯದೆ ಕಾಯುತ್ತಿದ್ದಳು. ರಕ್ತಪರೀಕ್ಷೆ ಎಂದರೆ ಖಾಲಿ ಹೊಟ್ಟೆ ಎಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಪರೀಕ್ಷೆಗೆ ಉಪವಾಸ ಬೇಡವೆಂದು ಹೇಳಿ, ಅವಳ ಮಗಳು ವಿದ್ಯಾಶ್ರೀ ತಂದ ಎರಡು ಇಡ್ಲಿ ತಿನ್ನಿಸಿ, ಆರು ಟ್ಯೂಬು ತೆಗೆದೆ. ರಕ್ತ ಸಾಗಿಸಲು ಭೂಮಿಕಾ ಕೊಟ್ಟಿದ್ದ ಡಬ್ಬಿಯ ಮುಚ್ಚಳಕ್ಕೇ ಅವಳ ಚೀಟಿ ಅಂಟಿತ್ತು: ಕೋಣೆಯ ಬಿಸಿ ಸಾಕು, ಐಸ್ ಬೇಡ. ಓದಿದ್ದೆ, ತಲೆಯನ್ನೂ ಆಡಿಸಿದ್ದೆ. ಆದರೆ ಹೊರಗೆ ಬಿಸಿಲು ಹೇಗಿತ್ತೆಂದರೆ ನನ್ನ ಓಮ್ನಿ ವ್ಯಾನಿನ ಸ್ಟೇರಿಂಗ್ ಮುಟ್ಟಲು ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಐಸ್ ಇಲ್ಲದೆ ಒಂದು ಟ್ಯೂಬನ್ನೂ ಶಿವಮೊಗ್ಗಕ್ಕೆ ಕಳಿಸಿದವನಲ್ಲ. ಹುಡುಗಿ ಪುಸ್ತಕ ಓದಿ ಬರೆದಿದ್ದಾಳೆ, ಭದ್ರಾವತಿಯ ಏಪ್ರಿಲ್ ಅವಳ ಪುಸ್ತಕಕ್ಕೇನು ಗೊತ್ತು ಎಂದುಕೊಂಡೆ. ಒಂದೇ ಒಂದು ಐಸ್ ಪ್ಯಾಕ್ ಸಾಕು ಎಂದೆ. ವಿದ್ಯಾಶ್ರೀ ಫ್ರಿಜ್ಜಿನಿಂದ ನಾಲ್ಕು ತಂದಳು. ತಂದದ್ದನ್ನು ಬೇಡ ಅನ್ನುವುದು ಹೇಗೆ, ನಾಲ್ಕನ್ನೂ ಜೋಡಿಸಿದೆ.

ಮಲವಗೊಪ್ಪ ಹತ್ತಿರವಾಗುವಾಗ ಫೋನು ಬಂತು. ಎಲ್ಲಿದ್ದೀರಿ ಎಂದು ಕೇಳಿ, ಇಡುವ ಮುಂಚೆ ಭೂಮಿಕಾ ಸುಮ್ಮನೆ ಕೇಳಿದಳು: "ಐಸ್ ಇಟ್ಟಿಲ್ಲ ತಾನೆ, ಅಣ್ಣ? ತಣ್ಣಗಾದ್ರೆ ಕಣಗಳು ಮರಗಟ್ಟಿ ಬಿಡ್ತವೆ. ಆಮೇಲೆ ಏನು ಕೇಳಿದ್ರೂ ಬಾಯಿ ಬಿಡಲ್ಲ."

"ಇಲ್ಲಮ್ಮ," ಎಂದೆ.

ಯಾಕೆ ಹಾಗೆಂದೆನೋ, ನಾಲಿಗೆ ತಾನೇ ಹೇಳಿಬಿಟ್ಟಿತು. ಗಾಡಿ ನಿಲ್ಲಿಸಿ ಐಸ್ ಪ್ಯಾಕುಗಳನ್ನು ತೆಗೆದು ಸೀಟಿನಡಿ ತಳ್ಳಿದೆ. ಟ್ಯೂಬುಗಳ ಮೈ ಬೆವತಿತ್ತು. ಅಂಗಿಯ ತುದಿಯಿಂದ ಒಂದೊಂದನ್ನೇ ಒರೆಸಿದೆ. ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಶಿವಮೊಗ್ಗ ತಲುಪುವಷ್ಟರಲ್ಲಿ ಹದವಾಗುತ್ತವೆ, ಆದದ್ದಾಗಲಿ ಎಂದು ಗೇರ್ ಹಾಕಿದೆ.

ಅರ್ಧ ಕಿಲೋಮೀಟರ್ ಹೋಗಿರಬೇಕು. ಪರೀಕ್ಷೆಯಲ್ಲಿ ಉತ್ತರ ಬರದಿದ್ದರೆ ಇವಳೇನು ಬರೆಯುತ್ತಾಳೆ ಎಂಬ ಪ್ರಶ್ನೆ ತಲೆಗೆ ಹೊಕ್ಕಿತು. ಐಸಿಟ್ಟವನು ಮಂಜಪ್ಪ ಎಂದು ಬರೆಯುವುದಿಲ್ಲವಲ್ಲ. ನಲವತ್ತೊಂದು ವರ್ಷದಲ್ಲಿ ಈ ಹೆಂಗಸಿನ ಕಣಗಳು ಎಲ್ಲ ಮರೆತವು ಎಂದು ಬರೆಯುತ್ತಾಳೆ. ಅದನ್ನು ಯಾರೋ ಓದುತ್ತಾರೆ, ನಂಬುತ್ತಾರೆ, ಅದರ ಮೇಲೆ ಇನ್ನೊಂದು ಕಟ್ಟುತ್ತಾರೆ. ಹನ್ನೆರಡು ದಿನ ಜ್ವರದಲ್ಲಿ ಬಡಿದಾಡಿ ಗೆದ್ದ ದೇಹದ ಮೇಲೆ ನಾನು ಸುಳ್ಳು ಸಾಕ್ಷಿ ಹೇಳಿದಂತಾಯಿತು. ಮತ್ತೆ ಗಾಡಿ ಬದಿಗೆ ಹಾಕಿ ಫೋನು ಮಾಡಿದೆ. ಎಲ್ಲ ಹೇಳಿದೆ, ಇಲ್ಲ ಎಂದಿದ್ದನ್ನೂ.

ತಾಳಿ ಅಣ್ಣ ಎಂದಷ್ಟೇ ಹೇಳಿ ಅವಳು ಫೋನಿಟ್ಟಳು. ಬೈದಿದ್ದರೆ ವಾಸಿಯಿತ್ತು. ತನ್ನ ಗೈಡನ್ನು ಕೇಳಿ ಐದು ನಿಮಿಷದಲ್ಲಿ ಅವಳೇ ತಿರುಗಿ ಫೋನು ಮಾಡಿದಳು. ಅಜ್ಜಿ ಒಪ್ಪಿದರೆ ಮಾತ್ರ ಇನ್ನೊಮ್ಮೆ ತೆಗೆಯಬಹುದು, ಅದೂ ಮೂರೇ ಟ್ಯೂಬು. ಬಲವಂತ ಮಾಡಬಾರದು, ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಬೇಕು. ಐಸಿನಲ್ಲಿಟ್ಟದ್ದನ್ನೂ ಎಸೆಯದೆ ತನ್ನಿ ಎಂದಳು.

ಓಮ್ನಿ ತಿರುಗಿಸಿ ಭದ್ರಾವತಿಗೆ ಓಡಿಸಿದೆ. ಕರಿಯಮ್ಮಕ್ಕ ಜಗುಲಿಯಲ್ಲಿ ಕೂತು ಊದಿದ ಬೆರಳುಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟಿದ್ದಳು. ನಾನು ಹೇಳುವುದನ್ನೆಲ್ಲ ಕೇಳಿದಳು. ಫೋನಿನಲ್ಲಿ ಭೂಮಿಕಾ, ಬೇಡ ಅಂದರೂ ನಮಗೆ ಬೇಜಾರಿಲ್ಲ ಅಜ್ಜಿ ಎಂದದ್ದನ್ನೂ ಕೇಳಿಸಿಕೊಂಡಳು.

"ಅಲ್ಲ ಮಾರಾಯ, ಐಸ್ ಇಡೋಕೆ ಅದೇನು ಮೀನಾ?" ಎಂದಳು ನನ್ನತ್ತ ತಿರುಗಿ.

ಬೆರಳುಗಳನ್ನು ನೀರಿನಿಂದ ತೆಗೆದು ಸೆರಗಿಗೆ ಒರೆಸಿಕೊಂಡಳು.

"ಬಂಗಾರಿ ಹೋದಳು, ನಾನುಳಿದೆ. ಯಾಕೆ ಅಂತ ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ, ಈ ಹುಡುಗಿ ಕೇಳ್ತಿದಾಳೆ. ತಗೋ. ಆದ್ರೆ ಈ ಸಲ ಡಬ್ಬಿ ನಿನ್ನ ಕೈಗೆ ಕೊಡಲ್ಲ. ನಾನೇ ಬರ್ತೀನಿ."

ಬಲಗೈ ನರ ಸೋತಿತ್ತು. ಎಡಗೈಯಲ್ಲಿ ಹುಡುಕಿ ಮೂರು ಟ್ಯೂಬು ತೆಗೆದೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಓಮ್ನಿಯ ಮುಂದಿನ ಸೀಟಿನಲ್ಲಿ ಕೂತವಳು ದಾರಿಯುದ್ದಕ್ಕೂ ನನಗೆ ಗಾಡಿ ಓಡಿಸುವುದನ್ನು ಕಲಿಸಿದಳು. ಹಂಪು ಬಂತು ನಿಧಾನ, ಲಾರಿ ಬಂತು ಪಕ್ಕಕ್ಕೆ, ಅಲ್ಲಾಡಿಸಬೇಡ, ನಿದ್ದೆಗೆಡಿಸಬೇಡ. ನಿದ್ದೆ ಯಾರದ್ದಕ್ಕ ಎಂದರೆ, ಒಳಗಿರುವವರದ್ದು ಎಂದಳು.

ಲ್ಯಾಬಿನಲ್ಲಿ ಭೂಮಿಕಾ ಬಾಗಿಲಲ್ಲೇ ನಿಂತಿದ್ದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಕಾಯಿಲೆ ಬಾರದ ಒಬ್ಬರ ರಕ್ತವೂ ಹೋಲಿಕೆಗೆ ಬೇಕು ಎಂದಳು. ನಾನು ತೋಳು ಮುಂದೆ ಮಾಡಿದೆ. ಮೂವತ್ತೊಂದು ವರ್ಷ ಚುಚ್ಚಿದವನು ಆ ದಿನ ಚುಚ್ಚಿಸಿಕೊಂಡೆ, ಕರಿಯಮ್ಮಕ್ಕ ಹತ್ತಿರ ನಿಂತು ತಮಾಷೆ ನೋಡಿದಳು. ಬಿಳಿ ಕಣಗಳನ್ನು ಬೇರ್ಪಡಿಸಿ, ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಹಾಕಿ, ವೈರಸ್ಸಿನ ಚೂರುಗಳನ್ನು ಅವಕ್ಕೆ ತೋರಿಸುತ್ತಾರಂತೆ. ಬದುಕಿರುವ ವೈರಸ್ ಅಲ್ಲ, ಲ್ಯಾಬಿನಲ್ಲೇ ತಯಾರಿಸಿದ ತುಣುಕುಗಳು. ಗುರುತು ಹಿಡಿದ ಕಣ ಒಂದು ರಸ ಬಿಡುತ್ತದೆ, ಬಣ್ಣ ಹಾಕಿದರೆ ಅದು ಕೂತಲ್ಲೇ ಒಂದು ಚುಕ್ಕೆ ಮೂಡುತ್ತದೆ. ಒಂದು ಚುಕ್ಕೆಗೆ ಒಂದು ಕಣ.

ಭಾನುವಾರವನ್ನು ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಸೋಮವಾರ ಬೆಳಗ್ಗೆ ಮೊದಲ ಮಾತ್ರೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಕರಿಯಮ್ಮಕ್ಕ ಓಮ್ನಿ ಹತ್ತಿದಳು. ನೋಡಿಕೊಂಡೇ ನುಂಗುವುದು ಎಂದು ಹಟ.

ಭೂಮಿಕಾ ನಮ್ಮನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಅವಳೂ ಇನ್ನೂ ನೋಡಿರಲಿಲ್ಲ. ಮೊದಲು ನನ್ನ ಗುಳಿ ಬಂತು: ಬೆಳ್ಳಗೆ, ಮೂಲೆಯಲ್ಲಿ ಎರಡು ಚುಕ್ಕೆ, ಅವೂ ಲೆಕ್ಕಕ್ಕಿಲ್ಲವಂತೆ. ನಿನಗೇನೂ ನೆನಪಿರಲ್ಲ ಬಿಡು ಎಂದಳು ಕರಿಯಮ್ಮಕ್ಕ. ಆಮೇಲೆ ಐಸಿನಲ್ಲಿಟ್ಟ ರಕ್ತದ್ದು. ಅಲ್ಲೊಂದು ಇಲ್ಲೊಂದು, ಒಟ್ಟು ಏಳು. ಇಷ್ಟೇ ಇದ್ದಿದ್ದರೆ ಮರೆತಿವೆ ಅಂತಲೇ ಬರೆಯುತ್ತಿದ್ದೆ ಎಂದಳು ಭೂಮಿಕಾ, ದನಿ ತಗ್ಗಿಸಿ.

ಮೂರನೆಯದನ್ನು, ಎರಡನೇ ಸಲ ತೆಗೆದ ರಕ್ತದ್ದನ್ನು, ಒತ್ತಿದಳು.

ಬಿಳಿ ಬಟ್ಟೆಯ ಮೇಲೆ ಯಾರೋ ರಾಗಿ ಚೆಲ್ಲಿದ ಹಾಗಿತ್ತು. ದೊಡ್ಡವು, ಚಿಕ್ಕವು, ನೀಲಿ ಅಂಚಿನವು, ಒಂದಕ್ಕೊಂದು ಅಂಟಿಕೊಂಡವು. ಭೂಮಿಕಾ ಪಕ್ಕದ ಗುಳಿ ಒತ್ತಿದಳು, ಹಾಗೇ ಇತ್ತು. ಅದರ ಪಕ್ಕದ್ದೂ ಹಾಗೇ.

"ಇವೆಲ್ಲ ನಂದಾ?" ಎಂದಳು ಕರಿಯಮ್ಮಕ್ಕ.

"ನಿಮ್ದೇ ಅಜ್ಜಿ. ನಲವತ್ತೊಂದು ವರ್ಷ ಆದ್ರೂ ಗುರುತು ಹಿಡಿದಿದಾವೆ."

ಒಬ್ಬರಿಂದ ತೀರ್ಮಾನ ಹೇಳುವಂತಿಲ್ಲ, ಇನ್ನೂ ಹತ್ತಾರು ಜನರಲ್ಲಿ ನೋಡಬೇಕು ಎಂದೇನೋ ಅವಳು ಹೇಳುತ್ತಿದ್ದಳು. ಹೇಳುತ್ತ ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಯಂತ್ರ ನೂರ ಹದಿನೆಂಟು ಎಂದು ತೋರಿಸಿತ್ತು. ಮೊದಲ ಸಲ ಯಂತ್ರವನ್ನು ನಂಬಬಾರದು, ಕಣ್ಣಲ್ಲೂ ಎಣಿಸಬೇಕು ಎಂದಳು.

ಕರಿಯಮ್ಮಕ್ಕ ಗಂಟು ಬಿಚ್ಚಿ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

"ನೀನು ಆ ಕಡೆಯಿಂದ ಬಾ, ಹುಡುಗಿ. ನಾನು ಈ ಕಡೆಯಿಂದ ಬರ್ತೀನಿ," ಎಂದು, ಊದಿದ ಬೆರಳನ್ನು ಮೊದಲ ಚುಕ್ಕೆಯ ಮೇಲಿಟ್ಟು ಒಂದು ಎಂದಳು.