ಒಬ್ಬರೇ ಕೂರುವ ದೋಣಿ

ಶನಿವಾರ ಬೆಳಿಗ್ಗೆ ತಿಂಡಿಗೂ ಮೊದಲೇ ಅವಳು ಗಂಡನನ್ನು ತೂಕದ ಯಂತ್ರದ ಮೇಲೆ ಹತ್ತಿಸಿ ನಿಲ್ಲಿಸಿದಳು. ಮುಳ್ಳು ತೂಗಾಡಿ ತೂಗಾಡಿ ಎಪ್ಪತ್ನಾಲ್ಕಕ್ಕೆ ಬಂದು ನಿಂತಿತು.

"ಬೂಟು ಬಿಚ್ಚಿಲ್ಲ ಕಣೇ," ಎಂದು ಅವನು ತಕರಾರು ತೆಗೆದ.

"ದೋಣಿಗೇನು ಬರಿಗಾಲಲ್ಲಿ ಹೋಗ್ತೀರಾ? ಸುಮ್ನೆ ನಿಂತ್ಕೊಳ್ಳಿ."

ತೂಕ ನೋಡಿದ್ದಕ್ಕೆ ಕಾರಣವಿತ್ತು. ಗಾಳಿ ಹಾಯಿದೋಣಿಯನ್ನು ಒಂದು ಕಡೆಗೆ ಒರಗಿಸಿದರೆ ಕೂತವರು ಇನ್ನೊಂದು ಕಡೆಗೆ ಬೆನ್ನು ಚಾಚಿ ಅದನ್ನು ಸರಿದೂಗಿಸಬೇಕು. ಹಾಯಿ ದೊಡ್ಡದಾದಷ್ಟೂ ಮೈಭಾರ ಹೆಚ್ಚು ಬೇಕು. ಇಪ್ಪತ್ತಾರು ವರ್ಷ ಅವರಿಬ್ಬರೂ ಸೇರಿ ನೂರಮೂವತ್ತು ಕಿಲೋದ ಒಂದೇ ಪ್ರಾಣಿಯಂತೆ ಸರೋವರದ ಮೇಲೆ ಓಡಾಡಿದ್ದರು. ಅವನು ಹಿಂದೆ ಚುಕ್ಕಾಣಿ ಹಿಡಿದು ದೊಡ್ಡ ಹಾಯಿ ನೋಡಿಕೊಂಡರೆ, ಇವಳು ಮುಂದೆ ಕೂತು ಚಿಕ್ಕ ಹಾಯಿಯ ಹಗ್ಗ ಎಳೆಯುತ್ತಿದ್ದಳು.

ಹೋದ ವರ್ಷ ಇವಳ ಬಲಗಿವಿಯೊಳಗೆ ಏನೋ ಕೆಟ್ಟಿತು. ತೆಪ್ಪಗಿದ್ದ ನೆಲ ಇದ್ದಕ್ಕಿದ್ದ ಹಾಗೆ ಗಿರ್ರನೆ ತಿರುಗುತ್ತಿತ್ತು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಅವಳದು. ಮೇಜಿನ ಮುಂದೆ ಕೂತು ಕೆಲಸ ಮಾಡಬಹುದು, ಏಣಿ ಹತ್ತಬಾರದು ಎಂದರು ಡಾಕ್ಟರು. ದೋಣಿಯ ವಿಷಯ ಎತ್ತಿದಾಗ ಅವರು ಔಷಧಿ ಚೀಟಿಯಿಂದ ತಲೆಯನ್ನೂ ಎತ್ತದೆ, "ಅದನ್ನ ಮರೆತುಬಿಡಿ," ಎಂದರು. ಮರೆತುಬಿಡಲು ಅದೇನು ಬಸ್ಸಿನಲ್ಲಿ ಬಿಟ್ಟುಬರುವ ಕೊಡೆಯೇ?

ಇವಳು ಹೋಗುವುದು ನಿಂತ ದಿನವೇ ಅವನೂ ನಿಲ್ಲಿಸಿದ. "ನೀನಿಲ್ದೆ ನಾನೊಬ್ನೇ ಹೋಗಿ ಅಲ್ಲೇನು ಮಾಡ್ಲಿ?" ಎಂದು ಹಳೆಯ ದೋಣಿಯನ್ನು ಯಾರೋ ಅಕ್ಕತಂಗಿಯರಿಗೆ ಮಾರಿಬಿಟ್ಟ. ಅಲ್ಲಿಂದ ಭಾನುವಾರಗಳು ಉದ್ದವಾದವು. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಎದುರುಮನೆಯವರು ಒಣಹಾಕಿದ ಬಟ್ಟೆ ಹಾರಾಡುವುದನ್ನು ನೋಡಿ, "ಇವತ್ತು ಒಳ್ಳೇ ಗಾಳಿ," ಎಂದು ನಿಟ್ಟುಸಿರು ಬಿಡುತ್ತಿದ್ದ. ಅವನದು ಕನ್ನಡಕದ ಅಂಗಡಿ. ಎಂಥ ಗಿರಾಕಿಯ ಹತ್ತಿರವೂ ನಕ್ಕು ಮಾತಾಡುತ್ತಿದ್ದವನು ಈಗ ಫ್ರೇಮು ಆರಿಸಲು ತಡಮಾಡಿದವರ ಮೇಲೆ ಸಿಡುಕುತ್ತಿದ್ದ. ತನ್ನದೊಂದು ಕಿವಿ ಇಬ್ಬರ ಸರೋವರವನ್ನೂ ನುಂಗಿ ನೀರು ಕುಡಿಯುತ್ತಿದೆ ಎಂದು ಅವಳಿಗೆ ಅನಿಸಿತು. ಒಬ್ಬರದಂತೂ ಹೋಯಿತು, ಇನ್ನೊಬ್ಬರದನ್ನು ಉಳಿಸಲೇಬೇಕು. ಹಟ ಹಿಡಿದು ಅವನನ್ನು ದೋಣಿ ನೋಡಲು ಹೊರಡಿಸಿದಳು.

ಸರೋವರದ ದಂಡೆಯ ಶೆಡ್ಡಿನಲ್ಲಿ ಹಳೆಯ ದೋಣಿಗಳನ್ನು ರಿಪೇರಿ ಮಾಡಿ ಮಾರುವವನನ್ನು ಎಲ್ಲರೂ ಅಂಟಣ್ಣ ಎನ್ನುತ್ತಿದ್ದರು. ಅವನ ಕೈಗೆ ಸದಾ ಅಂಟು ಮೆತ್ತಿರುತ್ತಿದ್ದುದರಿಂದ ಯಾರು ಕೈ ಚಾಚಿದರೂ ಮೊಣಕೈ ಮುಂದೆ ಮಾಡುತ್ತಿದ್ದ. ಇವರಿಗೂ ಮೊಣಕೈ ಕೊಟ್ಟು, ಎರಡು ದೋಣಿ ತೋರಿಸಿದ. ಒಂದು ನೀಲಿ, ಅಗಲವಾದದ್ದು, ಎರಡೂ ಬದಿಗೆ ಹಲಗೆಯ ಆಸನವಿದ್ದದ್ದು. ಇನ್ನೊಂದು ಬಿಳಿ, ಒಬ್ಬರೇ ಕೂರುವಂಥದ್ದು. ತೆಳ್ಳಗೆ, ಗಿಡ್ಡಗೆ, ಒಂದೇ ಹಾಯಿ ಹೊತ್ತು ನಿಂತಿತ್ತು.

ಗಂಡ ಬಿಳಿಯದರ ಕಡೆ ತಿರುಗಿಯೂ ನೋಡಲಿಲ್ಲ. ನೇರ ಹೋಗಿ ನೀಲಿಯದರ ಆಸನ ಸವರಿದ.

"ಇದಾಗತ್ತೆ. ಒಬ್ಬರೂ ಓಡಿಸ್ಬಹುದು, ಬೇಕಾದ್ರೆ ಇಬ್ಬರೂ ಕೂರ್ಬಹುದು. ನಾಳೆ ನಿನ್ನ ಕಿವಿ ಸರಿಹೋದ್ರೆ?"

ಆ ಮಾತು ಅವಳಿಗೂ ಸಿಹಿಯಾಗಿತ್ತು. ಒಂದು ಗಳಿಗೆ ಆ ಹಲಗೆಯ ಮೇಲೆ ತಾನು ಕೂತಂತೆಯೇ ಅನಿಸಿತು. ಆದರೂ ಅಂಟಣ್ಣನ ಕಡೆ ತಿರುಗಿದಳು. "ಇದು ಮಗುಚಿದ್ರೆ ಇವರೊಬ್ಬರೇ ಎತ್ತಿ ನಿಲ್ಲಿಸೋಕಾಗತ್ತಾ? ಎಪ್ಪತ್ನಾಲ್ಕು ಕಿಲೋ ಇದಾರೆ, ಬೂಟು ಸೇರಿ."

ಅಂಟಣ್ಣ ಕತ್ತು ಕೆರೆದುಕೊಂಡ. "ಗಾಳಿ ಒಳ್ಳೇ ಮೂಡಲ್ಲಿದ್ರೆ ಎತ್ಬಹುದಮ್ಮ."

"ಗಾಳಿ ಒಳ್ಳೇ ಮೂಡಲ್ಲಿದ್ರೆ ದೋಣಿ ಯಾಕ್ರೀ ಮಗುಚತ್ತೆ?"

ಅಂಟಣ್ಣ ನಕ್ಕು ಬಿಳಿಯದನ್ನು ತೋರಿಸಿದ. ಅದು ಮಗುಚಿದರೆ ತಳದಿಂದ ಚಾಚಿಕೊಂಡ ಹಲಗೆಯ ಮೇಲೆ ಹತ್ತಿ ನಿಂತು ಹಿಂದಕ್ಕೆ ಬಾಗಿದರೆ ಸಾಕಂತೆ, ತಾನಾಗಿ ಎದ್ದು ಕೂರುತ್ತದಂತೆ. ಅವಳು ಬಿಡಲಿಲ್ಲ. ಒಮ್ಮೆ ಓಡಿಸಿ ನೋಡಿ ಎಂದು ಗಂಡನ ಬೆನ್ನು ಹತ್ತಿದಳು. ಅವನು ಮುಖ ಊದಿಸಿಕೊಂಡೇ ಬಿಳಿಯದನ್ನು ನೀರಿಗಿಳಿಸಿದ.

ದೋಣಿ ಚೆನ್ನಾಗಿಯೇ ಹೊರಟಿತು. ಆಚೆ ದಡದ ಜೊಂಡಿನ ಕಡೆಗೆ ಸಲೀಸಾಗಿ ಸಾಗಿತು. ಇನ್ನು ತಿರುಗಿಸಬೇಕು ಎನ್ನುವಲ್ಲಿ ತಿರುಗಲಿಲ್ಲ. ನೆಟ್ಟಗೆ ಹೋಗಿ ಜೊಂಡಿನೊಳಗೆ ಮೂಗು ತೂರಿಸಿ ನಿಂತುಬಿಟ್ಟಿತು.

"ಇಷ್ಟು ವರ್ಷದ ಅನುಭವಸ್ಥರು!" ಎಂದು ಅಂಟಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವಳು ನಗಲಿಲ್ಲ. ಏನಾಯಿತೆಂದು ಅವಳೊಬ್ಬಳಿಗೇ ಗೊತ್ತಿತ್ತು. ಇಬ್ಬರ ದೋಣಿಯಲ್ಲಿ ಹಿಂದಿನವರು ಹೇಳದೆ ಕೇಳದೆ ತಿರುಗಿಸುವಂತಿಲ್ಲ. ಮುಂದಿನವರು ಹಗ್ಗ ಸಡಿಲಿಸಿ ಸಿದ್ಧರಾಗಬೇಕು, ಇಲ್ಲದಿದ್ದರೆ ಹಾಯಿಯ ಅಡ್ಡಗೋಲು ಬಂದು ತಲೆಗೆ ಬಡಿಯುತ್ತದೆ. ಇಪ್ಪತ್ತಾರು ವರ್ಷ ಅವನು ಪ್ರತಿ ತಿರುವಿಗೂ "ತಿರುಗ್ಲಾ?" ಎಂದು ಕೇಳಿದ್ದಾನೆ. ಇವಳು "ಹೂಂ" ಎಂದ ಮೇಲೆಯೇ ಚುಕ್ಕಾಣಿ ತಳ್ಳಿದ್ದಾನೆ. ಈಗಲೂ ಕೇಳಿದ್ದಾನೆ. ಕೇಳಿ, ಉತ್ತರಕ್ಕೆ ಕಾದಿದ್ದಾನೆ. ದಂಡೆಯಿಂದ ನೀರಿಗೆ ಚಾಚಿದ ದಕ್ಕೆಯ ಮೇಲೆ ನಿಂತ ಇವಳೂ ಜೋರಾಗಿಯೇ "ಹೂಂ" ಎಂದಿದ್ದಳು. ಗಾಳಿ ಅದನ್ನು ಬೇರೆ ಕಡೆಗೆ ಒಯ್ದಿತ್ತು.

ಸೊಂಟದವರೆಗೆ ಒದ್ದೆಯಾಗಿ, ಬಟ್ಟೆಗೆಲ್ಲ ಕೆಸರು ಮೆತ್ತಿಕೊಂಡು ಅವನು ದೋಣಿ ಎಳೆದುಕೊಂಡು ಬಂದ.

"ಇದು ಬೇಡ. ನೀಲಿಯದೇ ತಗೊಳ್ಳೋಣ."

"ಯಾಕೆ?"

"ಇದ್ರಲ್ಲಿ ನಿನಗೆ ಜಾಗ ಇಲ್ಲ."

ಅಂಟಣ್ಣ ಏನೋ ನೆನಪಾದವನಂತೆ ಶೆಡ್ಡಿನೊಳಕ್ಕೆ ಹೋದ. ಅವಳು ದಕ್ಕೆಯ ಕಂಬ ಹಿಡಿದುಕೊಂಡಳು. ಅವಳಿಗೆ ಆ ನೀರು ಬೇಕಿತ್ತು. ಮುಖಕ್ಕೆ ರಾಚುವ ಹನಿ, ಅಂಗೈ ಸುಡುವ ಹಗ್ಗ, ಬೆನ್ನ ಹಿಂದೆ ಅವನಿದ್ದಾನೆ ಎಂಬ ಧೈರ್ಯ, ಎಲ್ಲವೂ ಬೇಕಿತ್ತು. ಇವನು ನೀಲಿಯದನ್ನು ಕೊಂಡರೆ ಸಾಕು, ಇನ್ನೊಂದಷ್ಟು ವರ್ಷ ಇಬ್ಬರೂ ಸೇರಿ ತಮಗೆ ತಾವೇ ಸುಳ್ಳು ಹೇಳಿಕೊಂಡು ಹಾಯಾಗಿರಬಹುದಿತ್ತು.

"ಇಲ್ಲ, ಇದ್ರಲ್ಲಿ ನನಗೆ ಜಾಗ ಇಲ್ಲ," ಎಂದಳು. "ಅದಕ್ಕೇ ಇದು ಸರಿ. ನಾನು ಬರಲ್ಲ ರೀ. ಮುಂದಿನ ವರ್ಷವೂ ಬರಲ್ಲ, ಅದರಾಚೆ ವರ್ಷವೂ ಬರಲ್ಲ. ನಡುನೀರಲ್ಲಿ ಆ ನೀಲಿ ದೋಣಿ ಮಗುಚಿದ್ರೆ, ನನ್ನ ಖಾಲಿ ಆಸನ ಬಂದು ನಿಮ್ಮನ್ನ ಎತ್ತತ್ತಾ?"

ಇದುವರೆಗೆ ಈ ಮಾತನ್ನು ಅವಳು ಕನ್ನಡಿಯ ಮುಂದೆಯೂ ಆಡಿರಲಿಲ್ಲ. ಅವನು ತಲೆ ತಗ್ಗಿಸಿ, ಒಂದೊಂದೇ ಬೂಟು ಬಿಚ್ಚಿ ನೀರು ಚೆಲ್ಲಿ ಮತ್ತೆ ಹಾಕಿಕೊಂಡ.

"ಅಭ್ಯಾಸ ಹೋಗಲ್ಲ ಕಣೇ," ಎಂದ.

"ಹೋಗತ್ತೆ. ಯಾರನ್ನೂ ಕೇಳ್ಬೇಡಿ. ತಿರುಗ್ಬೇಕು ಅನ್ನಿಸ್ದಾಗ ತಿರುಗಿ. ಹೊರಡಿ ಈಗ, ಗಾಳಿ ಬಿದ್ದುಹೋಗತ್ತೆ."

ಈ ಸಲ ಜೊಂಡಿನ ಹತ್ತಿರ ದೋಣಿ ಒಂದು ಕ್ಷಣ ಅನುಮಾನಿಸಿತು. ಆಮೇಲೆ ತಿರುಗಿತು. ಅವನು ಅಡ್ಡಗೋಲಿನ ಕೆಳಗೆ ತಲೆ ಬಗ್ಗಿಸಿ, ನುಸುಳಿ, ಆಚೆ ಬದಿಗೆ ಹೋಗಿ ಕೂತ. ಎರಡನೆಯ ತಿರುವು ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಮೂರನೆಯದಂತೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿತ್ತು. ದೋಣಿ ಚಿಕ್ಕದಾಗುತ್ತ ಹೋಗಿ ನಡುನೀರಿನ ದಿಬ್ಬದ ಹಿಂದೆ ಮರೆಯಾಯಿತು. ಅವಳು ದಕ್ಕೆಯ ಹಲಗೆಯ ಮೇಲೆ ಕೂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಚೆನ್ನಾಗಿ ಅತ್ತಳು. ಅಂಟಣ್ಣ ನೋಡಿದರೂ ನೋಡದವನಂತೆ ಸುತ್ತಿಗೆ ಹಿಡಿದು ಏನನ್ನೋ ಬಡಿಯುತ್ತಿದ್ದ.

ಒಂದು ಗಂಟೆಯ ಮೇಲೆ ಅವನು ಮರಳಿದ. ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು, ವಯಸ್ಸು ಹತ್ತು ವರ್ಷ ಇಳಿದಿತ್ತು. ದೋಣಿಯನ್ನು ಕಟ್ಟಿ ಮುಗಿಸುವ ಮೊದಲೇ ಮಾತು ಶುರುವಾಯಿತು.

"ಆ ದಿಬ್ಬದ ಹಿಂದೆ ಗಾಳಿ ಎರಡು ಕಡೆಯಿಂದ ಬಂತು ಕಣೇ, ಇನ್ನೇನು ಮಗುಚ್ಕೊಂಡೆ ಅಂದ್ಕೊಂಡೆ, ಅಷ್ಟರಲ್ಲಿ..." ಎಂದವನು ಅವಳ ಕಣ್ಣು ನೋಡಿ ಗಕ್ಕನೆ ನಿಲ್ಲಿಸಿದ.

ಇಪ್ಪತ್ತಾರು ವರ್ಷ ಇಬ್ಬರೂ ಆ ನೀರಿನಿಂದ ಒಟ್ಟಿಗೇ ಮನೆಗೆ ಬಂದಿದ್ದರು, ಒಂದು ದಿನವೂ ಅದರ ಬಗ್ಗೆ ಮಾತಾಡಿರಲಿಲ್ಲ. ಇಬ್ಬರಿಗೂ ಗೊತ್ತಿರುವುದನ್ನು ಹೇಳುವುದೇನು? ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಅವನ ತಲೆಯ ನೀರನ್ನೂ ಒರೆಸಿದಳು. ಆಮೇಲೆ, ಅಲ್ಲಿಗೆ ಯಾವತ್ತೂ ಹೋಗಿಯೇ ಇಲ್ಲದವಳ ಹಾಗೆ ಕೇಳಿದಳು.

"ಅಷ್ಟರಲ್ಲಿ ಏನಾಯ್ತು?"