ನಾಲ್ಕನೆಯ ಚಕ್ರ

ಸಾಗರದ ಶ್ರೀಕಾಂತ ಭಟ್ಟರು ಹೊಸನಗರದ ನನ್ನ ಟೈರ್ ಅಂಗಡಿಗೆ ಕಾರು ತಂದಾಗ ಬೆಳಿಗ್ಗೆ ಎಂಟೂವರೆ. ತಾಯಿಯನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಹೆಂಡತಿ ಶ್ರೀಗೌರಿ, ಅವರ ಮಡಿಲಲ್ಲಿ ಅತ್ತೆಯ ತಲೆ. ಹುಲಿಕಲ್ ಘಾಟಿ ಇಳಿಯಬೇಕು, ನೈಟ್ರೋಜನ್ ಹಾಕಿಸಿದರೆ ಒಳ್ಳೆಯದಂತೆ, ಹೌದೇ ಎಂದು ಕೇಳಿದರು.

ಹೌದೆಂದೆ. ನೈಟ್ರೋಜನ್ ಬೇಗ ಸೋರುವುದಿಲ್ಲ, ಅದರಲ್ಲಿ ನೀರಿನ ಪಸೆ ಇರುವುದಿಲ್ಲ, ಟೈರು ಬಿಸಿಯಾದಾಗ ಒತ್ತಡ ಏರುಪೇರಾಗುವುದು ಕಡಿಮೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು.

"ಇನ್ನೆರಡು ತಿಂಗ್ಳು ಟೈರ್ ಕಡೆ ತಿರುಗಿ ನೋಡೋದೇ ಬೇಡ ಭಟ್ರೇ," ಎಂದೆ.

ನನ್ನ ಯಂತ್ರ ಮೊದಲು ಟೈರಿನ ಹಳೆಯ ಗಾಳಿಯನ್ನು ಹೀರಿ ತೆಗೆಯುತ್ತದೆ, ಆಮೇಲೆ ನೈಟ್ರೋಜನ್ ತುಂಬುತ್ತದೆ. ಮೂರು ಚಕ್ರ ಮುಗಿದವು. ನಾಲ್ಕನೆಯದು, ಹಿಂದಿನ ಎಡಗಡೆಯದು, ಅರ್ಧ ತುಂಬಿದಾಗ ಕರೆಂಟು ಹೋಯಿತು. ಜನರೇಟರ್ ಹಾಕಲು ಹೊರಟೆ. ಕಾರಿನೊಳಗೆ ಮುದುಕಿ ನರಳಿದರು.

"ಹೊರಡನ, ಅತ್ತೆಗೆ ಉಸ್ರು ಕಟ್ತಾ ಇದ್ದು," ಎಂದರು ಶ್ರೀಗೌರಿ.

ಭಟ್ಟರು ಸ್ಟೀರಿಂಗ್ ಹಿಡಿದು ಕೂತಲ್ಲಿಂದಲೇ ಆಯಿತೇ ಎಂದು ಕೇಳಿದರು. ನಾನು ಕೊಳವೆ ಕಿತ್ತು, ನೈಟ್ರೋಜನ್ ತುಂಬಿದ ಗುರುತಿನ ಹಸಿರು ಮುಚ್ಚಳವನ್ನು ಆ ಚಕ್ರಕ್ಕೂ ತಿರುಗಿಸಿ, ಆಯ್ತು ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹಸಿರು ಮುಚ್ಚಳ ಬಿತ್ತೆಂದರೆ ಕೆಲಸ ಮುಗಿಯಿತು ಎಂಬುದು ನನ್ನ ಕೈಗಳಿಗೆ ರೂಢಿ.

ಹತ್ತು ಗಂಟೆಗೆ ಕರೆಂಟು ಬಂತು. ನಾಲ್ಕನೆಯ ಚಕ್ರದ ಒತ್ತಡ ಎಷ್ಟಕ್ಕೆ ನಿಂತಿತ್ತೆಂದು ಯಂತ್ರ ತೋರಿಸಿತು: ಹದಿನಾರು. ಬೇಕಿದ್ದುದು ಮೂವತ್ಮೂರು. ಅಷ್ಟು ಮೆತ್ತಗಿನ ಟೈರು ಘಾಟಿಯ ತಿರುವುಗಳಲ್ಲಿ ಮಡಚಿಕೊಂಡು, ಕಾದು, ಒಡೆಯುತ್ತದೆ.

ಭಟ್ಟರ ಫೋನು ಸಿಗಲಿಲ್ಲ. ಹುಲಿಕಲ್ಲಿನ ದೇವಸ್ಥಾನದ ಎದುರು ಹಣ್ಣುಕಾಯಿ ಮಾರುವ ನನ್ನ ಚಿಕ್ಕಮ್ಮ ಗುತ್ಯಮ್ಮನಿಗೆ ಮಾಡಿದೆ. ಅಲ್ಲಿ ನಿಂತು, ದೇವಿಗೆ ಕೈಮುಗಿದು, ಚಕ್ರಗಳನ್ನು ತಟ್ಟಿ ನೋಡಿಯೇ ನಮ್ಮ ಕಡೆಯವರು ಘಾಟಿ ಇಳಿಯುವುದು. ಬಿಳಿ ಕಾರು, ಹಿಂದೆ ಕಾಯಿಲೆಯ ಮುದುಕಿ ಎಂದು ವಿವರಿಸಿದೆ.

"ಬಂದಿದ್ರು ಕಣೋ. ಕೈಮುಗಿದ್ರು. ಟೈರ್ ತಟ್ಟಿ ನೋಡಿ ಅಂದೆ. ಅದೆಂಥದೋ ಗ್ಯಾಸ್ ಹಾಕ್ಸೀನಿ, ನೋಡೋದೇ ಬೇಡ ಅಂತ ಅಂಗಡಿಯವ್ರೇ ಹೇಳಿದಾರೆ ಅಂದ್ರು. ಹೊರಟೇಬಿಟ್ರು."

"ಎಷ್ಟೊತ್ತಾಯ್ತು?"

"ಅರ್ಧ ಗಂಟೆ ಆಗಿರ್ಬೇಕು. ಯಾಕೋ?"

ಆ ಘಾಟಿಯಲ್ಲಿ ಐದು ನಿಮಿಷಕ್ಕೊಂದಾದರೂ ಗಾಡಿ ಮೇಲೆ ಬರುತ್ತದೆ. ಘಾಟಿ ಹತ್ತಿ ಬಂದವರು ಯಾರಾದರೂ ಅಲ್ಲಿದ್ದರೆ, ದಾರಿಯಲ್ಲಿ ಆ ಕಾರು ಕಂಡಿತೇ ಎಂದು ಕೇಳು ಅಂದೆ.

"ಯಾರ್ನ ಕೇಳ್ಲಿ ಮಗಾ? ಅವ್ರು ಇಳಿದ್ಮೇಲೆ ಕೆಳಗಿಂದ ಒಂದು ಗಾಡೀನೂ ಮೇಲೆ ಬಂದಿಲ್ಲ."